ಮಣಿಕಟ್ಟಿನ ಮುರಿತಕ್ಕೆ ಪ್ಲೇಟು: 67 ವರ್ಷದ ತಾಯಿಗೆ ಬೇಕೇ, ಬೇಡವೇ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ, ಹಾಸನದಲ್ಲಿದ್ದಾರೆ. ಒಂಬತ್ತು ದಿನಗಳ ಹಿಂದೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ, ಬಲಗೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದೇ ದಿನ ಆಸ್ಪತ್ರೆಯಲ್ಲಿ ಮೂಳೆಯನ್ನು ಎಳೆದು ಕೂರಿಸಿ ಪ್ಲಾಸ್ಟರ್ ಸ್ಲ್ಯಾಬ್ ಹಾಕಿದರು. ಮೊನ್ನೆ ಮತ್ತೆ ಎಕ್ಸ್-ರೇ ತೆಗೆದಾಗ, ಮೂಳೆ ಪುನಃ ಸರಿದಿದೆ, ಹಿಂಗೈ ಕಡೆಗೆ 20 ಡಿಗ್ರಿ ವಾಲಿದೆ, 4 ಮಿಲಿಮೀಟರ್ ಗಿಡ್ಡವಾಗಿದೆ, ಆದರೆ ಬಿರುಕು ಕೀಲಿನೊಳಗೆ ಹೋಗಿಲ್ಲ ಎಂದರು. ಒಬ್ಬ ವೈದ್ಯರು ಪ್ಲೇಟು ಹಾಕಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಈ ವಯಸ್ಸಿಗೆ ಪ್ಲಾಸ್ಟರ್ ಸಾಕು ಎನ್ನುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮನೆಯಲ್ಲೇ ಬ್ಲೌಸ್ ಹೊಲಿದು ಸಂಪಾದಿಸುತ್ತಾರೆ. ನೆಂಟರು ನಾಟಿ ಕಟ್ಟು ಕಟ್ಟಿಸಿ ಎಂದು ಒತ್ತಾಯಿಸುತ್ತಿದ್ದಾರೆ. ನಾವು ಯಾರ ಮಾತು ಕೇಳಬೇಕು? ಪ್ಲೇಟು ಹಾಕಿದರೆ ಮುಂದೆ ಅದನ್ನು ತೆಗೆಸಬೇಕೇ?

ಉತ್ತರ: ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. ನಿಮ್ಮ ತಾಯಿಯವರ ವಯಸ್ಸಿನಲ್ಲಿ, ಈ ಬಗೆಯ ಮುರಿತದಲ್ಲಿ, ಎರಡೂ ದಾರಿಗಳಿಗೆ ಗಟ್ಟಿಯಾದ ಆಧಾರವಿದೆ. ಎಕ್ಸ್-ರೇ ಒಂದನ್ನೇ ಮುಂದಿಟ್ಟುಕೊಂಡು ತೀರ್ಮಾನಿಸುವುದಾದರೆ ಪ್ಲೇಟು ಗೆಲ್ಲುತ್ತದೆ, ವಯಸ್ಸನ್ನು ಮಾತ್ರ ನೋಡಿದರೆ ಪ್ಲಾಸ್ಟರ್ ಗೆಲ್ಲುತ್ತದೆ. ಆ ಕೈ ಮುಂದಿನ ಮೂರು ತಿಂಗಳಲ್ಲಿ ಏನು ಮಾಡಬೇಕಾಗಿದೆ ಎಂಬುದನ್ನು ಇಬ್ಬರಲ್ಲಿ ಯಾರಾದರೂ ಕೇಳಿದ್ದಾರೆಯೇ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ತೀರ್ಮಾನ ನಿಲ್ಲಬೇಕಾದದ್ದು ಅದರ ಮೇಲೆಯೇ.

ಮೊದಲಿಗೆ ಸಮಯದ ವಿಷಯ. ಇದು ಈ ರಾತ್ರಿಯೇ ಮುಗಿಸಬೇಕಾದ ಆಪರೇಷನ್ ಅಲ್ಲ. ಬಿದ್ದ ದಿನದಿಂದ ಎರಡು ವಾರಗಳ ಒಳಗೆ ಆದರೆ ಒಳ್ಳೆಯದು, ಮೂರನೆಯ ವಾರದ ಕೊನೆಯವರೆಗೂ ಹೆಚ್ಚಿನ ತೊಂದರೆಯಿಲ್ಲದೆ ಮಾಡಬಹುದು. ಅದಾದ ಮೇಲೆ ಹೊಸ ಮೂಳೆ ಕೂಡತೊಡಗಿ, ಅದನ್ನು ಬಿಡಿಸಿ ಕೂರಿಸುವುದು ಕಷ್ಟವಾಗುತ್ತದೆ. ಹಾಗಾಗಿ ಯೋಚಿಸಲು ನಿಮಗೆ ಇನ್ನೂ ಕೆಲವು ದಿನಗಳಿವೆ. ಕಾಯಲಾಗದ ಸಂಗತಿಗಳು ಬೇರೆ ಇವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹೆಚ್ಚುತ್ತಾ ಹೋದರೆ, ಬೆರಳುಗಳನ್ನು ಬೇರೆಯವರು ಮೆಲ್ಲಗೆ ನೇರ ಮಾಡಿದರೂ ಪ್ರಾಣ ಹೋಗುವಂಥ ನೋವಾದರೆ, ಬೆರಳ ತುದಿ ನೀಲಿಗಟ್ಟಿದರೆ ಅಥವಾ ತಣ್ಣಗಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರ ಒತ್ತಿಕೊಂಡಿದ್ದರೆ ಅಥವಾ ಸ್ನಾಯುಗಳೊಳಗಿನ ಒತ್ತಡ ಏರಿದ್ದರೆ ಅದಕ್ಕೆ ತಕ್ಷಣ ಚಿಕಿತ್ಸೆ ಬೇಕು. ಆ ಕೈಯಲ್ಲಿ ಉಂಗುರವೋ ಬಳೆಯೋ ಇನ್ನೂ ಉಳಿದಿದ್ದರೆ ಇಂದೇ ತೆಗೆಸಿ, ಬರದಿದ್ದರೆ ಕತ್ತರಿಸಿ ತೆಗೆಸಿ. ಊದಿದ ಬೆರಳಿನ ಬಂಗಾರದ ಉಂಗುರವನ್ನು ಕತ್ತರಿಸಲು ಹಿಂಜರಿಯುವವರನ್ನು ನಾವು ದಿನವೂ ನೋಡುತ್ತೇವೆ. ಬೆರಳಿಗೆ ರಕ್ತ ಹರಿಯುವುದು ನಿಂತರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಇನ್ನು ಮುರಿದಿರುವುದು ಏನು ಎಂಬುದು. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್, ಕಿರುಬೆರಳಿನ ಕಡೆಗಿರುವುದು ಅಲ್ನಾ. ಕೈ ಊರಿ ಬಿದ್ದಾಗ ಸಾಮಾನ್ಯವಾಗಿ ಮುರಿಯುವುದು ರೇಡಿಯಸ್ಸಿನ ಕೆಳತುದಿ. ಆ ತುದಿಯ ಕೀಲಿನ ಮುಖ ಸಹಜವಾಗಿ ಅಂಗೈ ಕಡೆಗೆ ಸುಮಾರು 11 ಡಿಗ್ರಿ ಬಾಗಿರುತ್ತದೆ. ಈಗ ಅದು ಹಿಂಗೈ ಕಡೆಗೆ 20 ಡಿಗ್ರಿ ವಾಲಿದೆ ಎಂದರೆ, ಇದ್ದ ಜಾಗದಿಂದ ಒಟ್ಟು ಸುಮಾರು 30 ಡಿಗ್ರಿ ಸರಿದಿದೆ ಎಂದರ್ಥ. ಗಿಡ್ಡವಾಗಿರುವುದು ಇದಕ್ಕಿಂತ ಮುಖ್ಯವಾದ ವಿಷಯ. ಸಾಮಾನ್ಯ ಕೈಯಲ್ಲಿ ಮಣಿಕಟ್ಟಿನ ಮೇಲೆ ಬೀಳುವ ಭಾರದ ಐದನೆಯ ಒಂದು ಪಾಲು ಮಾತ್ರ ಅಲ್ನಾದ ಮೂಲಕ ಹೋಗುತ್ತದೆ. ಅಲ್ನಾ ಎರಡೂವರೆ ಮಿಲಿಮೀಟರ್‌ನಷ್ಟು ಉದ್ದವಾಗಿ ನಿಂತರೆ ಆ ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. ರೇಡಿಯಸ್ ಕುಸಿದಾಗ ಅಲ್ನಾ ತಾನಾಗಿಯೇ ಉದ್ದವಾದಂತಾಗುತ್ತದೆ. ಮುರಿತ ಕೂಡಿಕೊಂಡ ಮೇಲೂ ಕಿರುಬೆರಳಿನ ಬದಿಯಲ್ಲಿ ನೋವು ಉಳಿಯುವುದು, ಬಾಗಿಲ ಚಿಲಕ ತಿರುಗಿಸುವಾಗ ಅಥವಾ ಬೊಗಸೆ ಒಡ್ಡುವಾಗ ಮುಂಗೈ ಪೂರ್ತಿ ತಿರುಗದಿರುವುದು, ಇವೆರಡಕ್ಕೂ ಹೆಚ್ಚಿನ ಸಲ ಕಾರಣ ಇದೇ.

ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಮತ್ತು ಕೈ ಶಸ್ತ್ರಚಿಕಿತ್ಸಕರ ಸಂಘಗಳ ಮಾರ್ಗಸೂಚಿಯು, ಮೂಳೆಯನ್ನು ಎಳೆದು ಕೂರಿಸಿದ ನಂತರವೂ 3 ಮಿಲಿಮೀಟರ್‌ಗಿಂತ ಹೆಚ್ಚು ಗಿಡ್ಡವಾಗಿದ್ದರೆ, 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ವಾಲಿದ್ದರೆ, ಅಥವಾ ಕೀಲಿನ ಮುಖದಲ್ಲಿ 2 ಮಿಲಿಮೀಟರ್‌ಗಿಂತ ಹೆಚ್ಚಿನ ಮೆಟ್ಟಿಲು ಉಂಟಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆ ಎನ್ನುತ್ತದೆ. ನಿಮ್ಮ ತಾಯಿಯವರ ಅಳತೆಗಳು ಮೊದಲ ಎರಡು ಗೆರೆಗಳನ್ನೂ ದಾಟಿವೆ. ಆದರೆ ಆ ಮಾತು ಇನ್ನೂ ವೃದ್ಧಾಪ್ಯಕ್ಕೆ ಬಾರದವರಿಗೆ ಹೇಳಿದ್ದು. ಅದೇ ಮಾರ್ಗಸೂಚಿಯು, 65 ದಾಟಿದವರಲ್ಲಿ ಆಪರೇಷನ್ ಮಾಡಿಸಿಕೊಂಡವರೂ ಮಾಡಿಸಿಕೊಳ್ಳದವರೂ ದೀರ್ಘ ಕಾಲದಲ್ಲಿ ತಮ್ಮ ಕೈ ಬಗ್ಗೆ ಹೇಳಿಕೊಳ್ಳುವ ತೃಪ್ತಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ ಎಂದೂ ಹೇಳುತ್ತದೆ. ನಿಮ್ಮ ಇಬ್ಬರು ವೈದ್ಯರು ಒಂದೇ ಕಡತದ ಎರಡು ಪುಟಗಳನ್ನು ಓದುತ್ತಿದ್ದಾರೆ.

ಮೂಳೆ ಸೊಟ್ಟಗಾಗಿ ಕೂಡಿದರೂ ಕೈ ಚೆನ್ನಾಗಿ ನಡೆಯುತ್ತದೆ ಎಂಬುದು ಹೊಸ ಅರಿವಲ್ಲ. ಡಬ್ಲಿನ್‌ನ ಅಬ್ರಹಾಂ ಕಾಲಿಸ್ 1814ರಲ್ಲಿ, ಎಕ್ಸ್-ರೇ ಬರುವುದಕ್ಕೆ ಎಂಬತ್ತು ವರ್ಷ ಮೊದಲೇ, ಈ ಮುರಿತವನ್ನು ವಿವರಿಸಿದ್ದ. ವಿಕಾರ ಉಳಿದರೂ ಕಾಲಕ್ರಮದಲ್ಲಿ ಕೈಗೆ ಚಲನೆ ಮರಳುತ್ತದೆ, ನೋವು ಹೋಗುತ್ತದೆ ಎಂದು ಸಮಾಧಾನವನ್ನೂ ಹೇಳಿದ್ದ. ಈ ಮುರಿತಕ್ಕೆ ಇಂದಿಗೂ ಅವನ ಹೆಸರೇ ಇದೆ. ಅವನ ಮಾತು ಎಲ್ಲರಿಗೂ ಹೊಂದುವುದಿಲ್ಲ. ಮೂವತ್ತರ ಹರೆಯದ ಗಾರೆ ಕೆಲಸದವನಿಗೆ ಹಾಗೆ ಸಮಾಧಾನ ಹೇಳಿ ಕಳಿಸಿದರೆ ಅವನ ದುಡಿಮೆಯೇ ಹೋಗುತ್ತದೆ. ವಯಸ್ಸಾದವರ ಮಟ್ಟಿಗೆ ಮಾತ್ರ ಅದು ಅಚ್ಚರಿಯಾಗುವಷ್ಟು ನಿಜ.

ಪ್ಲೇಟಿನ ಬಗ್ಗೆ ಈಗ ಇಷ್ಟು ಉತ್ಸಾಹ ಏಕೆ ಎಂಬುದನ್ನೂ ತಿಳಿದಿರಬೇಕು. ಹಿಂದೆ ಬಳಸುತ್ತಿದ್ದ ಪ್ಲೇಟುಗಳಲ್ಲಿ ಸ್ಕ್ರೂಗಳು ಮೂಳೆಯನ್ನು ಕಚ್ಚಿ ಹಿಡಿದರೆ ಮಾತ್ರ ಪ್ಲೇಟು ನಿಲ್ಲುತ್ತಿತ್ತು, ಮುಟ್ಟು ನಿಂತು ಎಷ್ಟೋ ವರ್ಷಗಳಾದ ಹೆಂಗಸಿನ ಮೂಳೆಯಲ್ಲಿ ಅವು ಗೆದ್ದಲು ಹಿಡಿದ ಮರಕ್ಕೆ ಹೊಡೆದ ಮೊಳೆಯಂತೆ ಸಡಿಲವಾಗುತ್ತಿದ್ದವು. ಈಗಿನ ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆಗೂ ತಿರುಪಿನ ಗೆರೆಗಳಿರುತ್ತವೆ, ಅವು ಪ್ಲೇಟಿನ ರಂಧ್ರದೊಳಗಿನ ಗೆರೆಗಳಲ್ಲಿ ಬಿಗಿಯಾಗಿ ಕೂರುತ್ತವೆ. ಪ್ಲೇಟು ಮತ್ತು ಸ್ಕ್ರೂಗಳು ಸೇರಿ ಒಂದೇ ಚೌಕಟ್ಟಾಗಿ, ಕೀಲಿನ ಮುಖದ ಕೆಳಗೆ ತೊಲೆಗಳ ಸಾಲಿನಂತೆ ನಿಂತು ಅದನ್ನು ಎತ್ತಿ ಹಿಡಿಯುತ್ತವೆ. ಮೂಳೆ ಎಷ್ಟು ಟೊಳ್ಳಾಗಿದ್ದರೂ ಆ ಚೌಕಟ್ಟು ಅಷ್ಟು ಸುಲಭವಾಗಿ ಕುಸಿಯುವುದಿಲ್ಲ. ಹಿಂದಕ್ಕೆ ವಾಲಿದ ಮುರಿತವನ್ನೂ ಅಂಗೈ ಬದಿಯಿಂದಲೇ ಹೀಗೆ ಹಿಡಿಯಬಹುದೆಂದು ಮಯಾಮಿಯ ಹೋರ್ಹೆ ಒರ್ಬೇ ಮತ್ತು ಸ್ವಿಟ್ಜರ್ಲೆಂಡಿನ ಡಿಯೇಗೊ ಫರ್ನಾಂಡಿಸ್ 2002ರಲ್ಲಿ ಪ್ರಕಟಿಸಿ ತೋರಿಸಿದ ಮೇಲೆ, ಈ ವಿಧಾನ ಜಗತ್ತಿನಾದ್ಯಂತ ಹರಡಿತು. ಹರಡಿದ ವೇಗಕ್ಕೆ ತಕ್ಕ ಆಧಾರ ಆಗ ಇರಲಿಲ್ಲ. ಅದು ಬಂದದ್ದು ನಿಧಾನವಾಗಿ.

ಆ ಆಧಾರ ಹೇಳುವುದೇನೆಂದರೆ: ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 65 ದಾಟಿದ 73 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಲೇಟು, ಇನ್ನೊಂದಕ್ಕೆ ಪ್ಲಾಸ್ಟರ್ ಹಾಕಿದರು. 2011ರಲ್ಲಿ ಫಲಿತಾಂಶ ಬಂತು. ಪ್ಲೇಟಿನವರ ಎಕ್ಸ್-ರೇ ಅಂದವಾಗಿತ್ತು, ಹಿಡಿತದ ಬಲ ಹೆಚ್ಚಿತ್ತು, ಮೊದಲ ಕೆಲವು ತಿಂಗಳು ಅವರ ಕೈಯೇ ಮುಂದಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಚಲನೆಯಲ್ಲೂ ದಿನಬಳಕೆಯಲ್ಲೂ ಎರಡೂ ಗುಂಪು ಸಮನಾಗಿದ್ದವು, ಆದರೆ ಪ್ಲೇಟಿನವರಲ್ಲಿ ತೊಡಕುಗಳು ಹೆಚ್ಚಾಗಿದ್ದವು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 60 ದಾಟಿದವರಲ್ಲಿ ಇದೇ ಬಗೆಯ ಹೋಲಿಕೆ ಮಾಡಿ, ವರ್ಷದ ಕೊನೆಗೆ ಗಣನೀಯ ವ್ಯತ್ಯಾಸವಿಲ್ಲ ಎಂದು ಕಂಡಿತು. ಇದಕ್ಕೆ ಎದುರಾಗಿ, ನೆದರ್ಲೆಂಡ್ಸ್‌ನಲ್ಲಿ 18ರಿಂದ 75 ವರ್ಷದವರೆಗಿನವರನ್ನು ಸೇರಿಸಿಕೊಂಡು, ಕೀಲಿನೊಳಗೆ ಬಿರುಕು ಹೋಗದ ಮುರಿತಗಳನ್ನೇ ನೋಡಿದ 2019ರ ಅಧ್ಯಯನದಲ್ಲಿ ಪ್ಲೇಟಿನವರ ಕೈ ಉತ್ತಮವಾಗಿತ್ತು. ಪ್ಲಾಸ್ಟರಿನಲ್ಲಿದ್ದವರಲ್ಲಿ ಒಂದಷ್ಟು ಮಂದಿಗೆ ಮೂಳೆ ಸರಿದು, ಆಮೇಲೆ ಆಪರೇಷನ್ ಮಾಡಬೇಕಾಗಿಯೂ ಬಂತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದಿದರೆ ನನಗೆ ಕಾಣುವುದು ಇಷ್ಟು: ವಯಸ್ಸಾದವರಿಗೆ ಪ್ಲೇಟು ಮುಂದಿನ ವರ್ಷದ ಕೈಯನ್ನು ಬದಲಿಸುವುದಕ್ಕಿಂತ ಹೆಚ್ಚಾಗಿ, ಮೊದಲ ಮೂರು ತಿಂಗಳ ಕೈಯನ್ನು ಬದಲಿಸುತ್ತದೆ. ಆ ಮೂರು ತಿಂಗಳು ಯಾರಿಗೆ ಮುಖ್ಯವೋ ಅವರಿಗೆ ಪ್ಲೇಟು ಮುಖ್ಯ. ಮಗ, ಸೊಸೆ, ಮೊಮ್ಮಕ್ಕಳ ನಡುವೆ ಇದ್ದು, ಎಡಗೈಯಲ್ಲಿ ಊಟ ಮಾಡುವ ಮುಜುಗರವೊಂದನ್ನು ಬಿಟ್ಟರೆ ಹೆಚ್ಚಿನ ಅಡಚಣೆಯಿಲ್ಲದ 80ರ ಅಜ್ಜಿಗೆ ನಾನು ಪ್ಲಾಸ್ಟರನ್ನೇ ಹೇಳುತ್ತೇನೆ, ಎಕ್ಸ್-ರೇ ಎಷ್ಟೇ ಸೊಟ್ಟಗೆ ಕಂಡರೂ. ನಿಮ್ಮ ತಾಯಿಯವರ ಸ್ಥಿತಿ ಬೇರೆ. ಮುರಿದಿರುವುದು ಬಲಗೈ, ಸಂಪಾದನೆ ನಡೆಯುವುದು ಅದರಿಂದಲೇ. ಹೊಲಿಗೆಯಲ್ಲಿ ಕತ್ತರಿ ಹಿಡಿದು ಬಟ್ಟೆ ಕತ್ತರಿಸುವಾಗ ಹಿಡಿತದ ಬಲ ಬೇಕು. ಸೂಜಿಯ ಕೆಳಗೆ ಬಟ್ಟೆ ಸರಿಸುವಾಗ ಮಣಿಕಟ್ಟು ಹಿಂದಕ್ಕೂ ಪಕ್ಕಕ್ಕೂ ಬಾಗಬೇಕು. ತೋಳಿನ ಸುತ್ತು ಹೊಲಿಯುವಾಗ ಮುಂಗೈ ತಿರುಗಬೇಕು. ಇವರ ವಯಸ್ಸು 67 ಆದರೂ ಕೈಯ ದುಡಿಮೆ ಐವತ್ತರವರದ್ದು. ಆದ್ದರಿಂದ ಸಕ್ಕರೆ ನಿಜವಾಗಿಯೂ ಹತೋಟಿಯಲ್ಲಿದ್ದರೆ, ನನ್ನ ಒಲವು ಪ್ಲೇಟಿನ ಕಡೆಗೆ. ಇದು ಒಲವು ಮಾತ್ರ. ತಾಯಿಯವರನ್ನು ಎದುರಿಗೆ ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಅವರಿಗೇ ಹೇಳಿ, "ಮೂರು ತಿಂಗಳು ಹೊಲಿಗೆ ನಿಂತರೂ ಪರವಾಗಿಲ್ಲ, ಕೊಯ್ಯಿಸಿಕೊಳ್ಳಲಾರೆ" ಎಂದು ಅವರು ಅಂದರೆ ಆ ತೀರ್ಮಾನವೂ ಸರಿಯಾದದ್ದೇ. ಅವರು ಕಳೆದುಕೊಳ್ಳುವುದು ಸ್ವಲ್ಪ ಹಿಡಿತ, ಮಣಿಕಟ್ಟಿನ ಅಂದ, ಕೆಲವು ವಾರಗಳು, ಇಡೀ ಕೈಯನ್ನಲ್ಲ.

ನನ್ನ ಒಲವನ್ನು ಬದಲಿಸಬಲ್ಲ ಸಂಗತಿಗಳೂ ಇವೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾಡಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದೆ ಎಂಬುದು ಸಾಲದು. ಎಚ್‌ಬಿಎ1ಸಿ ಶೇಕಡಾ 8ಕ್ಕಿಂತ ಬಹಳ ಮೇಲಿದ್ದರೆ ಗಾಯದ ಸೋಂಕು ಮತ್ತು ಬೆರಳುಗಳ ಬಿಗಿತ ಎರಡರ ಅಪಾಯವೂ ಏರುತ್ತದೆ, ಆಗ ಪ್ಲಾಸ್ಟರಿನ ಪಕ್ಷ ಬಲವಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರುಗಳುಳ್ಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಚೀಟಿಯನ್ನು ನೋಡಿ. ಅವನ್ನು ಆಪರೇಷನ್ನಿಗೆ ಮೂರು ದಿನ ಮೊದಲೇ ನಿಲ್ಲಿಸುವುದು ವಾಡಿಕೆ, ಇದನ್ನು ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಿ. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ. ನೀವೇ ಯಾವುದನ್ನೂ ನಿಲ್ಲಿಸಬೇಡಿ. ಬಿರುಕು ಕೀಲಿನೊಳಗೆ ಹೋಗಿಲ್ಲ ಎಂಬುದು ಎಕ್ಸ್-ರೇ ಒಂದರಿಂದಲೇ ಹೇಳಿದ ಮಾತಾದರೆ, ಅನುಮಾನವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಒಳ್ಳೆಯದು.

ಮೂರನೆಯ ದಾರಿಯೊಂದಿದೆ, ಅದನ್ನು ನಿಮಗೆ ಇಬ್ಬರೂ ಹೇಳಿದಂತಿಲ್ಲ. ಚರ್ಮವನ್ನು ಕೊಯ್ಯದೆ ಮೂಳೆಯನ್ನು ಎಳೆದು ಕೂರಿಸಿ, ಎರಡು ಮೂರು ತೆಳ್ಳಗಿನ ಸ್ಟೀಲ್ ತಂತಿಗಳನ್ನು, ಎಂದರೆ ಕೆ-ವೈರ್‌ಗಳನ್ನು ಚುಚ್ಚಿ, ಮೇಲೆ ಪ್ಲಾಸ್ಟರ್ ಹಾಕುವುದು. ಬ್ರಿಟನ್ನಿನಲ್ಲಿ 461 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ, ಎಳೆದು ಕೂರಿಸಲು ಸಾಧ್ಯವಾದ ಮುರಿತಗಳಲ್ಲಿ ತಂತಿಗೂ ಪ್ಲೇಟಿಗೂ ವರ್ಷದ ಕೊನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಖರ್ಚಂತೂ ತಂತಿಯದ್ದು ಬಹಳ ಕಡಿಮೆ. ಅದೇ ತಂಡ 500 ಮಂದಿಯಲ್ಲಿ ತಂತಿಯನ್ನು ಬರೀ ಪ್ಲಾಸ್ಟರಿನೊಂದಿಗೆ ಹೋಲಿಸಿ 2022ರಲ್ಲಿ ಪ್ರಕಟಿಸಿದಾಗ ವರ್ಷದ ಕೊನೆಯ ಫಲ ಮತ್ತೆ ಸಮನಾಗಿತ್ತು, ಆದರೆ ಪ್ಲಾಸ್ಟರಿನವರಲ್ಲಿ ನೂರಕ್ಕೆ 13 ಮಂದಿಗೆ ಮೊದಲ ಆರು ವಾರದೊಳಗೆ ಮೂಳೆ ಸರಿದು ಆಪರೇಷನ್ ಬೇಕಾಯಿತು. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ತಂತಿ ಗೌರವಯುತವಾದ ಆಯ್ಕೆ, ಕಳಪೆ ಚಿಕಿತ್ಸೆಯಲ್ಲ. ನಿಮ್ಮ ತಾಯಿಯವರ ವಿಷಯದಲ್ಲಿ ನನ್ನ ಹಿಂಜರಿಕೆ ಎರಡು. ಮುರಿದು ಒಂಬತ್ತು ದಿನವಾಗಿರುವುದರಿಂದ ಕೊಯ್ಯದೆ ಕೂರಿಸುವುದು ಇನ್ನು ಸುಲಭವಲ್ಲ, ಟೊಳ್ಳಾದ ಮೂಳೆಯಲ್ಲಿ ತಂತಿ ಹಿಡಿದು ನಿಲ್ಲುವುದೂ ಕಡಿಮೆ. ಅಲ್ಲದೆ ತಂತಿಯಿದ್ದರೆ ಪ್ಲಾಸ್ಟರ್ ತಪ್ಪುವುದಿಲ್ಲ, ಹೊಲಿಗೆಗೆ ಬೇಗ ಮರಳುವ ಲಾಭವೂ ಸಿಗುವುದಿಲ್ಲ.

ಪ್ಲೇಟು ಎಂದು ತೀರ್ಮಾನವಾದರೆ ಆಪರೇಷನ್ ಕೋಣೆಯಲ್ಲಿ ನಡೆಯುವುದನ್ನು ತಾಯಿಯವರಿಗೆ ಮೊದಲೇ ವಿವರಿಸಿ, ಭಯ ಅರ್ಧ ಇಳಿಯುತ್ತದೆ. ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಕಂಕುಳ ಅಥವಾ ಕೊರಳೆಲುಬಿನ ಬಳಿ ಚುಚ್ಚುಮದ್ದು ಕೊಟ್ಟು ತೋಳಿನ ನರಗಳನ್ನಷ್ಟೇ ಮರಗಟ್ಟಿಸುತ್ತಾರೆ. ತೋಳಿಗೆ ಗಾಳಿಪಟ್ಟಿ ಕಟ್ಟಿ ರಕ್ತ ನಿಲ್ಲಿಸಿ, ಮಣಿಕಟ್ಟಿನ ಅಂಗೈ ಬದಿಯಲ್ಲಿ ಆರೇಳು ಸೆಂಟಿಮೀಟರ್ ಉದ್ದದ ಗಾಯ ಮಾಡುತ್ತಾರೆ. ಮುಷ್ಟಿ ಬಿಗಿದು ಮಣಿಕಟ್ಟನ್ನು ಸ್ವಲ್ಪ ಮಡಿಸಿದರೆ ಹೆಬ್ಬೆರಳಿನ ಬದಿಗೆ ಎದ್ದು ಕಾಣುವ ಹುರಿಯೊಂದಿದೆಯಲ್ಲ, ಗಾಯ ಅದರ ಮೇಲೆಯೇ ಬರುತ್ತದೆ. ಆ ಹುರಿಯನ್ನು ಪಕ್ಕಕ್ಕೆ ಸರಿಸಿ, ನಾಡಿ ನೋಡುವ ರಕ್ತನಾಳವನ್ನು ಒಂದು ಕಡೆಗೂ ಮೀಡಿಯನ್ ನರವನ್ನು ಇನ್ನೊಂದು ಕಡೆಗೂ ಕಾಪಾಡಿಕೊಂಡು ಮೂಳೆಯನ್ನು ತಲುಪುತ್ತಾರೆ. ಮೂಳೆಯ ಮೇಲೆ ಚೌಕಾಕಾರದ ತೆಳು ಸ್ನಾಯುವೊಂದು ಹಾಸಿರುತ್ತದೆ, ಅದನ್ನು ಎಬ್ಬಿಸಿದರೆ ಮುರಿದ ಗೆರೆ ಕಾಣುತ್ತದೆ. ಅಂಗೈ ಬದಿಯ ಮೂಳೆ ಸಾಮಾನ್ಯವಾಗಿ ಪುಡಿಯಾಗಿರುವುದಿಲ್ಲ, ಎರಡು ತುಂಡುಗಳ ಅಂಚು ಒಂದಕ್ಕೊಂದು ಕೂಡುತ್ತದೆ. ಹೀಗೆ ಕೂರಿಸಿ, ತಂತಿಯಿಂದ ತಾತ್ಕಾಲಿಕವಾಗಿ ಹಿಡಿದು, ಪ್ಲೇಟು ಇಟ್ಟು, ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆಯಲ್ಲಿ ನೋಡುತ್ತಾ ಸ್ಕ್ರೂ ಹಾಕುತ್ತಾರೆ. ಸ್ಕ್ರೂಗಳ ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು, ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಎಲ್ಲಾ ಸೇರಿ ಒಂದು ಗಂಟೆಯ ಕೆಲಸ.

ಈ ಉದ್ದದ ವಿಷಯದಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಪ್ಲೇಟಿನಿಂದ ಆಗುವ ಗಂಭೀರ ತೊಂದರೆಗಳಲ್ಲಿ ಬಹುಪಾಲು ಕೆಲವೇ ಮಿಲಿಮೀಟರುಗಳ ತಪ್ಪಿನಿಂದ ಬರುವಂಥವು. ಸ್ಕ್ರೂ ಹಿಂಗೈ ಬದಿಯಲ್ಲಿ ಮೂಳೆಯಿಂದ ಒಂದೆರಡು ಮಿಲಿಮೀಟರ್ ಹೊರಗೆ ಚಾಚಿದರೂ ಅಲ್ಲಿ ಹಾಯುವ, ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು, ಎಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ, ಅದಕ್ಕೆ ಉಜ್ಜಿ ಉಜ್ಜಿ ಒಂದು ದಿನ ತುಂಡಾಗುತ್ತದೆ. ಲಾಕಿಂಗ್ ಸ್ಕ್ರೂ ಮೂಳೆಯ ಮುಕ್ಕಾಲು ಆಳದವರೆಗೆ ಹೋದರೂ ಸಾಕು, ಆಚೆ ದಡವನ್ನು ಮುಟ್ಟಲೇಬೇಕೆಂಬ ನಿಯಮವಿಲ್ಲ. ಅದರಂತೆಯೇ ಪ್ಲೇಟನ್ನು ಅಂಗೈ ಬದಿಯಲ್ಲಿ ತೀರಾ ಕೆಳಗೆ, ಕೀಲಿನ ಅಂಚಿನವರೆಗೆ ಇಳಿಸಿ ಕೂರಿಸಿದರೆ ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ಪ್ಲೇಟಿನ ಅಂಚಿಗೆ ಸವೆಯುತ್ತದೆ. ಇದು ತಿಂಗಳುಗಳ ನಂತರವೂ ಆಗಬಹುದು, ವರ್ಷಗಳ ನಂತರವೂ ಆಗಬಹುದು. ಆಪರೇಷನ್ ಆಗಿ ಎಷ್ಟೇ ಕಾಲವಾಗಿರಲಿ, ಹೆಬ್ಬೆರಳು ಮಡಿಸುವಾಗ ಮಣಿಕಟ್ಟಿನಲ್ಲಿ ಕರಕರ ಸದ್ದೋ ಚುಚ್ಚುನೋವೋ ಶುರುವಾದರೆ, ಅಥವಾ ಮೇಜಿನ ಮೇಲೆ ಅಂಗೈ ಊರಿ ಹೆಬ್ಬೆರಳೊಂದನ್ನೇ ಮೇಲೆತ್ತಲು ಆಗದಿದ್ದರೆ, ಕಾಯದೆ ಹೋಗಿ ತೋರಿಸಿ. ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು ಪ್ಲಾಸ್ಟರಿನಲ್ಲಿ ವಾಸಿಯಾದವರಲ್ಲೂ ಅಪರೂಪಕ್ಕೆ ತುಂಡಾಗುತ್ತದೆ, ಹಾಗಾಗಿ ಈ ಮಾತು ಎರಡೂ ದಾರಿಯವರಿಗೆ ಅನ್ವಯಿಸುತ್ತದೆ. ನಿಮ್ಮ ಶಸ್ತ್ರಚಿಕಿತ್ಸಕರನ್ನು ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ: ಈ ಆಪರೇಷನ್ನನ್ನು ನೀವು ಎಷ್ಟು ಆಗಾಗ ಮಾಡುತ್ತೀರಿ, ಸ್ಕ್ರೂವಿನ ಉದ್ದವನ್ನು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ. ಅನುಭವವಿರುವವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಪ್ಲೇಟು ಸ್ಟೀಲಿನದ್ದೋ ಟೈಟಾನಿಯಂದೋ ಎಂಬುದಕ್ಕೆ ಇಷ್ಟು ತೂಕ ಕೊಡಬೇಕಾಗಿಲ್ಲ. ಭಾರತದಲ್ಲೇ ತಯಾರಾಗುವ ಒಳ್ಳೆಯ ಪ್ಲೇಟುಗಳಿವೆ. ಬೆಲೆಯ ಪಟ್ಟಿಯನ್ನು ಮೊದಲೇ ಕೇಳಿ ಪಡೆಯಿರಿ, ಪ್ಲೇಟಿನ ಪೊಟ್ಟಣದ ಮೇಲಿನ ಸ್ಟಿಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ. ಮುಂದೆಂದಾದರೂ ತೆಗೆಯಬೇಕಾಗಿ ಬಂದರೆ ಯಾವ ಸ್ಕ್ರೂಡ್ರೈವರ್ ಬೇಕೆಂದು ಗೊತ್ತಾಗುವುದು ಅದರಿಂದಲೇ.

ಪ್ಲೇಟು ಹಾಕಿದ ಮಾತ್ರಕ್ಕೆ ಕೈ ತಾನಾಗಿ ಸರಿಯಾಗುವುದಿಲ್ಲ. ಈ ಮುರಿತದ ನಂತರ ಕೈ ಹಾಳಾದವರಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಸೊಟ್ಟ ಮೂಳೆಯನ್ನಲ್ಲ, ಬಿಗಿದುಕೊಂಡ ಬೆರಳುಗಳನ್ನು. ನಿಮ್ಮ ತಾಯಿಯವರ ಸ್ಲ್ಯಾಬ್ ಈಗ ಎಲ್ಲಿಯವರೆಗೆ ಬಂದಿದೆ ನೋಡಿ. ಅಂಗೈಯಲ್ಲಿ ಬೆರಳುಗಳ ಬುಡದ ಗೆರೆಯನ್ನು ದಾಟಿ ಬಂದಿದ್ದರೆ ಬೆರಳು ಪೂರ್ತಿ ಮಡಚಲಾಗುವುದಿಲ್ಲ, ಅದನ್ನು ಕತ್ತರಿಸಿ ಸರಿಪಡಿಸಿಕೊಡಲು ಹೇಳಿ. ಪ್ರತಿಯೊಂದು ಬೆರಳ ತುದಿಯೂ ಅಂಗೈಯನ್ನು ಮುಟ್ಟಬೇಕು, ಅನಂತರ ಪೂರ್ತಿ ನೇರವಾಗಬೇಕು, ಹೆಬ್ಬೆರಳು ಕಿರುಬೆರಳಿನ ಬುಡವನ್ನು ತಲುಪಬೇಕು. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಹತ್ತು ಸಲ ಹೀಗೆ ಮಾಡಿಸಿ. ಎಡಗೈಯ ಸಹಾಯದಿಂದ ಬೆರಳನ್ನು ಒತ್ತಿ ಮಡಿಸಿದರೂ ಸರಿ. ತೋಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಇಲ್ಲವಾದರೆ ಭುಜ ಹಿಡಿದುಕೊಳ್ಳುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಇನ್ನೂ ಬೇಗ. ಜೋಳಿಗೆಯಲ್ಲಿ ಕೈಯನ್ನು ದಿನವಿಡೀ ತೂಗುಹಾಕಿಕೊಂಡು ಕೂರುವುದು ಬೇಡ. ಕೂತಾಗ, ಮಲಗಿದಾಗ ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿಸಿ. ನೋವು ಮುರಿತಕ್ಕೆ ಮೀರಿದ್ದಾಗಿ, ಕೈ ಊದಿ, ಚರ್ಮ ಹೊಳಪಾಗಿ, ಬಟ್ಟೆ ತಾಗಿದರೂ ಉರಿಯುವಂತಾದರೆ ಅದು ನರಗಳಿಗೆ ಸಂಬಂಧಿಸಿದ ಬೇರೆಯದೇ ತೊಡಕಿನ ಸೂಚನೆ, ಬೇಗ ಗುರುತಿಸಿದರೆ ಬೇಗ ಹತೋಟಿಗೆ ಬರುತ್ತದೆ.

ಪ್ಲೇಟು ಹಾಕಿಸಿಕೊಂಡರೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಆ ಹೊತ್ತಿಗೆ ಮಣಿಕಟ್ಟನ್ನೂ ಮೆಲ್ಲಗೆ ಆಡಿಸಲು ಶುರು ಮಾಡಬಹುದು. ಊಟ, ತಲೆ ಬಾಚುವುದು, ಗುಂಡಿ ಹೊಲಿಯುವುದು, ಕೊಕ್ಕೆ ಹಾಕುವುದು ಮೂರನೆಯ ವಾರದಿಂದ ಸಾಧ್ಯ. ಕತ್ತರಿಯ ಕೆಲಸ, ತುಂಬಿದ ಬಿಂದಿಗೆ ಎತ್ತುವುದು, ಕೈ ಊರಿ ಏಳುವುದು ಆರು ವಾರಕ್ಕೆ ಮೊದಲು ಬೇಡ, ಎಕ್ಸ್-ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆಯೇ. ಪ್ಲಾಸ್ಟರಿನ ದಾರಿ ಹಿಡಿದರೆ ಐದಾರು ವಾರ ಮಣಿಕಟ್ಟು ಅಲುಗಾಡುವುದಿಲ್ಲ, ಬಿಚ್ಚಿದ ಮೇಲೆ ಬಿಗಿತ ಬಿಡಿಸಲು ಇನ್ನೂ ಒಂದೆರಡು ತಿಂಗಳು ಹಿಡಿಯುತ್ತದೆ. ಎರಡರಲ್ಲೂ ಬಲ ಪೂರ್ತಿಯಾಗಿ ಮರಳಲು ಒಂದು ವರ್ಷದವರೆಗೆ ಬೇಕಾಗಬಹುದು.

ಪ್ಲೇಟನ್ನು ತೆಗೆಸಬೇಕೇ ಎಂದು ಕೇಳಿದ್ದೀರಿ. ತೊಂದರೆ ಕೊಡದಿದ್ದರೆ ಬೇಡ. ವರ್ಷ ಕಳೆದ ಮೇಲೆ ಲೋಹ ಒಳಗಿದ್ದರೆ ವಿಷವಾಗುತ್ತದೆ, ಚಳಿಗಾಲದಲ್ಲಿ ಮೂಳೆ ಕೊರೆಯುತ್ತದೆ ಎಂಬ ಮಾತುಗಳಿಂದ ಹೆದರಿ ಮತ್ತೊಂದು ಆಪರೇಷನ್ನಿಗೆ ಹೋಗಬೇಡಿ. ಇಂದಿನ ಪ್ಲೇಟುಗಳಿದ್ದರೂ ಎಂ.ಆರ್.ಐ. ಸ್ಕ್ಯಾನ್ ಮಾಡಬಹುದು, ಮೊದಲೇ ತಿಳಿಸಿದರಾಯಿತು. ಸ್ನಾಯುರಜ್ಜು ಉಜ್ಜುತ್ತಿದೆ ಎಂಬ ಲಕ್ಷಣ ಕಂಡರೆ, ಸ್ಕ್ರೂ ಕೀಲಿನೊಳಗೆ ತಾಗಿದರೆ, ಸೋಂಕಾದರೆ ಮಾತ್ರ ತೆಗೆಯುವುದು ಅಗತ್ಯ, ಆಗ ತಡಮಾಡಬಾರದು.

ನಾಟಿ ಕಟ್ಟಿನ ವಿಷಯ. ನಿಮ್ಮ ನೆಂಟರ ಕಾಳಜಿಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಸರಿಯದೆ ಕೂತ ಮುರಿತ ಯಾವ ಕಟ್ಟು ಕಟ್ಟಿದರೂ ಕೂಡಿಕೊಳ್ಳುತ್ತದೆ, ಆ ಯಶಸ್ಸನ್ನು ಜನ ತಲೆಮಾರುಗಳಿಂದ ಕಂಡಿದ್ದಾರೆ. ಆದರೆ ನಿಮ್ಮ ತಾಯಿಯವರ ಮೂಳೆ ಸರಿದಿದೆ, ಎಕ್ಸ್-ರೇ ನೋಡದೆ ಅದನ್ನು ಮತ್ತೆ ಎಳೆಯುವುದು ಅಪಾಯ. ಊದಿದ ಕೈಗೆ ಬಿದಿರ ಪಟ್ಟಿಯಿಟ್ಟು ಬಿಗಿಯಾಗಿ ಸುತ್ತಿದರೆ ರಕ್ತಸಂಚಾರ ನಿಂತು ಸ್ನಾಯುಗಳು ಸಾಯುತ್ತವೆ, ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಕಟ್ಟಿನ ಕೆಳಗಿನ ಸಣ್ಣ ಹುಣ್ಣು ಕೂಡ ದೊಡ್ಡದಾಗುತ್ತದೆ. ಆಪರೇಷನ್ ಬೇಡವೆಂದು ತೀರ್ಮಾನಿಸಿದರೆ ಆಸ್ಪತ್ರೆಯ ಪ್ಲಾಸ್ಟರಿನಲ್ಲೇ ಇರಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಇಬ್ಬರು ವೈದ್ಯರಲ್ಲಿ ಯಾರಾದರೂ ಎತ್ತಬೇಕಾಗಿದ್ದ ವಿಷಯ ಒಂದಿದೆ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ 67ರ ಹೆಂಗಸಿಗೆ, ಬೇರೆ ರೀತಿ ಸಾಬೀತಾಗುವವರೆಗೆ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇದೆಯೆಂದೇ ತಿಳಿಯಬೇಕು. ಇಂಥವರಿಗೆ ಮುಂದೆ ಬೆನ್ನುಮೂಳೆ ಮತ್ತು ಸೊಂಟದ ಮೂಳೆ ಮುರಿಯುವ ಸಾಧ್ಯತೆ ಇತರರಿಗಿಂತ ಹೆಚ್ಚು, ಸೊಂಟದ ಮುರಿತ ಕೈ ಮುರಿತದಂತಲ್ಲ, ಅದು ಹಾಸಿಗೆ ಹಿಡಿಸುತ್ತದೆ, ಜೀವವನ್ನೂ ತೆಗೆಯಬಹುದು. ಪ್ಲೇಟೋ ಪ್ಲಾಸ್ಟರೋ ಎಂದು ನಾವು ಚರ್ಚಿಸುತ್ತಿರುವಾಗ ಇದು ಬಿಟ್ಟುಹೋಗುವುದು ನನಗೆ ಪ್ರತಿ ಸಲವೂ ಸಂಕಟದ ವಿಷಯ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಜೊತೆಗೆ ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ನೋಡಿಸಿ. ಈ ವಯಸ್ಸಿನಲ್ಲಿ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಹಾಸನದ ಮನೆಯಲ್ಲಿ ಅದಕ್ಕೆ ಕೊರತೆಯಿರಲಾರದು, ಹಾಲು ಮೊಸರು ಸೇರಿದರೆ ಇನ್ನಷ್ಟು ಆಯಿತು. ಆದರೆ ಒಮ್ಮೆ ಮುರಿದ ಮೇಲೆ ಆಹಾರ ಮಾತ್ರ ಸಾಲದು. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ, ಅಥವಾ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, ಮುಂದಿನ ಮುರಿತದ ಅಪಾಯವನ್ನು ನಿಜವಾಗಿ ಇಳಿಸುವ ಔಷಧಗಳು. ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಇವನ್ನು ಕೊಡಬಹುದು, ಇವುಗಳಿಂದ ಈಗಿನ ಮುರಿತ ಕೂಡುವುದು ತಡವಾಗುತ್ತದೆ ಎಂಬ ಹೆದರಿಕೆಗೆ ಆಧಾರ ಸಿಕ್ಕಿಲ್ಲ. ಅಲೆಂಡ್ರೊನೇಟನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಮುಂದಿನ ಭೇಟಿಯಲ್ಲಿ ಕೈಯ ಎಕ್ಸ್-ರೇಗಳ ಜೊತೆಗೆ ಈ ರಕ್ತಪರೀಕ್ಷೆಗಳ ಫಲಿತಾಂಶವನ್ನೂ ವೈದ್ಯರ ಮುಂದಿಡಿ, ಔಷಧವನ್ನು ಯಾವತ್ತಿನಿಂದ ಆರಂಭಿಸುವುದೆಂದು ಅಲ್ಲೇ ಕೇಳಿ ಬರೆಸಿಕೊಳ್ಳಿ.